ಒಂದೇ ಚೀಟಿಗೆ ಎರಡು ಲೆಕ್ಕ

ಪೆರ್ಲದ ನಮ್ಮ ಮನೆ, ಬದಿಯಡ್ಕದ ಭಾವನ ಮನೆ, ಕುಂಬಳೆಯ ಗೆಳೆಯನ ಮನೆ. ಮೂರು ಕಡೆ ಮೂರು ಹಳೆ ಕಂಪ್ಯೂಟರ್. ನಾವು ಕೆಲವು ಕೃಷಿಕರು ಚಾಲಿ ಅಡಿಕೆಯನ್ನು ಒಟ್ಟಿಗೆ ಮಾರುತ್ತೇವೆ. ಯಾರದ್ದು ಎಷ್ಟು ಕಿಲೋ ಎಂಬ ಲೆಕ್ಕ ಮೂರೂ ಕಡೆ ಒಂದೇ ಇರಲಿ ಎಂದು ರಾಫ್ಟ್ ಪದ್ಧತಿಯಲ್ಲಿ ನಾನೇ ಪ್ರೋಗ್ರಾಂ ಬರೆದಿದ್ದೆ. ಅದರಲ್ಲಿ ಒಂದು ಯಂತ್ರ ಲೀಡರ್, ಅದು ಹೇಳಿದ್ದನ್ನು ಉಳಿದವು ಬರೆದುಕೊಳ್ಳುತ್ತವೆ. ಒಂದು ನಿಂತರೂ ಉಳಿದೆರಡು ಕೆಲಸ ನಡೆಸುತ್ತಿದ್ದವು.

ಒಂದು ದಿನ ಒಂದೇ ಚೀಟಿಗೆ ಬದಿಯಡ್ಕದಲ್ಲಿ 310 ಕಿಲೋ, ಕುಂಬಳೆಯಲ್ಲಿ 54 ಕಿಲೋ. ಎರಡು ರಾತ್ರಿ ಕೂತ ಮೇಲೆ ಹೊಳೆಯಿತು: 310ರಿಂದ 256 ಕಳೆದರೆ 54. ಕಂಪ್ಯೂಟರ್ ಅಂಕಿಯನ್ನು 0, 1ರ ಬಿಟ್‌ಗಳಾಗಿ ಇಡುತ್ತದೆ. ಅದರಲ್ಲಿ 256ರ ಸ್ಥಾನದ ಒಂದೇ ಒಂದು ಬಿಟ್ ಬಿದ್ದುಹೋಗಿತ್ತು, 1 ಇದ್ದದ್ದು 0 ಆಗಿತ್ತು. ಆಗ ಲೀಡರ್ ಆಗಿದ್ದ ನಮ್ಮ ಮನೆಯ ಯಂತ್ರದ ಮೆಮೊರಿ ಹಾಳಾಗಿತ್ತು. ಬದಿಯಡ್ಕಕ್ಕೆ ಸರಿ ಅಂಕಿ ಹೋಗಿದೆ, ಕುಂಬಳೆಗೆ ಕಳಿಸುವಷ್ಟರಲ್ಲಿ ಬದಲಾಗಿದೆ. ರಾಫ್ಟಿನಲ್ಲಿ ಉಳಿದವರು ಲೀಡರನ್ನು ನಂಬುತ್ತಾರೆ. ಹಿಂದಿನ ನಮೂದಿನ ಕ್ರಮಸಂಖ್ಯೆ, ಟರ್ಮ್ (ಎಷ್ಟನೆಯ ಲೀಡರ್ ಅವಧಿ) ಸರಿ ಇದೆಯಾ ಎಂದಷ್ಟೇ ನೋಡುತ್ತಾರೆ. ‘ನಿನಗೆ ಎಷ್ಟು ಅಂದ?’ ಎಂದು ತಮ್ಮೊಳಗೆ ಕೇಳಿಕೊಳ್ಳುವುದಿಲ್ಲ. ಅಂಕಿ ಬದಲಾಗಿದೆಯಾ ಎಂದು ನೋಡಲು ಅದರ ಜೊತೆ ಕಳಿಸುವ ತಾಳೆ ಅಂಕಿ, ಅಂದರೆ ಚೆಕ್‌ಸಮ್ ಹಾಕಿದ್ದರೆ ಇದೊಂದು ಸಿಕ್ಕಿಬೀಳುತ್ತಿತ್ತು, ನಿಜ. ಆದರೆ ಯಂತ್ರವೇ ತಪ್ಪು ಅಂಕಿಗೆ ಹೊಸ ಚೆಕ್‌ಸಮ್ ಮಾಡಿ ಕಳಿಸಿದರೆ?

ಕಂಪ್ಯೂಟರ್ ವಿಜ್ಞಾನಿಗಳಾದ ಲ್ಯಾಂಪೋರ್ಟ್, ಶೋಸ್ಟಾಕ್, ಪೀಸ್ 1982ರಲ್ಲಿ ಬೈಜಾಂಟೈನ್ ಸೇನಾಪತಿಗಳ ಕಥೆಯಾಗಿ ಹೇಳಿದ್ದು ಇದನ್ನೇ. ಮೂವರಲ್ಲಿ ಒಬ್ಬ ಸುಳ್ಳು ಹೇಳುತ್ತಾನೆ ಅಂತಿಟ್ಟುಕೊಳ್ಳಿ. ಅವನು ನನಗೆ 310 ಅಂದ, ನಿಮಗೆ 54 ಅಂದ. ನಾವಿಬ್ಬರು ಮಾತಾಡಿಕೊಂಡರೂ ಸುಳ್ಳು ಅವನದ್ದೋ ನಿಮ್ಮದೋ, ನನಗೆ ಹೇಗೆ ಗೊತ್ತಾಗಬೇಕು? ಸಹಿ ಹಾಕಿಸಿದರೆ ಯಾರ ಮಾತು ಎಂದು ತಿಳಿಯುತ್ತದೆ. ಆದರೆ ಉತ್ತರ ಯಾವಾಗ ಬರುತ್ತದೋ ಹೇಳಲಾಗದ ನಮ್ಮ ನೆಟ್ಟಿನಲ್ಲಿ ಅದೂ ಸಾಲದು. ಒಬ್ಬ ಸುಳ್ಳನಿದ್ದರೆ ನಾಲ್ಕು ಯಂತ್ರ ಬೇಕೇ ಬೇಕು.

ನಾಲ್ಕನೆಯದನ್ನು ಮಂಜೇಶ್ವರದಲ್ಲಿಟ್ಟೆ. ಇಂಥ ಸುಳ್ಳನಿದ್ದರೂ ಲೆಕ್ಕ ಕೆಡದಂತೆ ಕ್ಯಾಸ್ಟ್ರೊ ಮತ್ತು ಲಿಸ್ಕೋವ್ ಎಂಬ ವಿಜ್ಞಾನಿಗಳು 1999ರಲ್ಲಿ ಕೊಟ್ಟ ಪಿಬಿಎಫ್‌ಟಿ ಪದ್ಧತಿ ಹಿಡಿದೆ. ಲೀಡರ್ ಹೇಳಿದ್ದನ್ನು ಎಲ್ಲರೂ ಎಲ್ಲರಿಗೂ ತಿರುಗಿ ಹೇಳಬೇಕು. ಮೂವರ ಮಾತು ಕೂಡಿ ಬಂದರೆ ‘ನನಗೆ ಒಪ್ಪಿಗೆ’ ಎಂದು ಮತ್ತೊಂದು ಸುತ್ತು. ನಾಲ್ವರಲ್ಲಿ ಮೂವರು ಮೂವರ ಯಾವ ಎರಡು ಗುಂಪು ತೆಗೆದರೂ ಇಬ್ಬರಾದರೂ ಎರಡರಲ್ಲೂ ಇರುತ್ತಾರೆ. ಅವರಲ್ಲಿ ಒಬ್ಬನಾದರೂ ಪ್ರಾಮಾಣಿಕ. ಅವನು ಎರಡು ಮಾತಾಡುವುದಿಲ್ಲ. ಕಾಗದದಲ್ಲಿ ನಾಲ್ಕು ಚುಕ್ಕಿ ಇಟ್ಟು ಇದನ್ನು ಬಿಡಿಸಿ ನೋಡಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಪರೀಕ್ಷೆಗೆ ಬೇಕೆಂದೇ ಸುಳ್ಳು ಹೇಳುವ ಒಂದು ಯಂತ್ರ ಮಾಡಿದೆ. ಮೊದಲ ದಿನವೇ ಎರಡು ಕಡೆ ಎರಡು ಲೆಕ್ಕ ಬಂತು! ತಪ್ಪು ನನ್ನದೇ. ನೆಟ್ ಹೋಗಿ ಬಂದಾಗ ಅದೇ ಮತ ಮತ್ತೆ ಬರುತ್ತದೆ, ಅದನ್ನೂ ಸೇರಿಸಿಬಿಟ್ಟಿದ್ದೆ. ಕೈ ಎತ್ತಿದವರನ್ನು ಎಣಿಸಬೇಕಿತ್ತು, ನಾನು ಎತ್ತಿದ ಕೈಗಳನ್ನು ಎಣಿಸಿದ್ದೆ.

ಆಮೇಲೆ ಮಳೆಗಾಲ. ನೆಟ್ ನಿಧಾನವಾದರೆ ಸಾಕು, ಲೀಡರ್ ಸತ್ತ ಎಂದುಕೊಂಡು ಸುಮ್ನೆ ಹೊಸ ಲೀಡರಿಗೆ ಹೋಗುತ್ತಿತ್ತು. ಅವನು ಮಾತಾಡುವ ಮೊದಲೇ ಮತ್ತೊಬ್ಬ. ಪ್ರತಿ ಸಲ ಕಾಯುವ ಹೊತ್ತನ್ನು ಎರಡು ಪಟ್ಟು ಮಾಡಿದ ಮೇಲೆ ನಿಂತಿತು.

ಆಟಿ ತಿಂಗಳಲ್ಲಿ ಒಂದು ರಾತ್ರಿ ಎರಡು ಮನೆಯಲ್ಲಿ ಕರೆಂಟ್ ಹೋಯಿತು. ಮೂರು ಮತ ಸಿಗದೆ ಎಲ್ಲ ನಿಂತುಬಿಟ್ಟಿತು. ತಪ್ಪು ಬರೆಯುವುದಕ್ಕಿಂತ ನಿಲ್ಲುವುದೇ ನನಗೆ ಬೇಕಿತ್ತು. ಬೆಳಿಗ್ಗೆ ಬಂದ ಚೀಟಿಗಳನ್ನು ಭಾವ ಪುಸ್ತಕದಲ್ಲಿ ಬರೆದಿಟ್ಟ. ಮಧ್ಯಾಹ್ನ ಕರೆಂಟ್ ಬಂದ ಮೇಲೆ ಒಂದೊಂದಾಗಿ ಹಾಕಿದೆವು. ನಾಲ್ಕೂ ಕಡೆ ಒಂದೇ ಲೆಕ್ಕ.