ಬ್ಯಾಂಕಿನ ಚಿಲ್ಲರೆಯಲ್ಲಿ ಬೆಳ್ಳಿ: ನನ್ನ ಅನುಭವ

ಅಮೆರಿಕದ ಬ್ಯಾಂಕಿನಲ್ಲಿ 500 ಡಾಲರ್ ಕೊಟ್ಟು ಒಂದು ಪೆಟ್ಟಿಗೆ ಅರ್ಧ ಡಾಲರ್ ನಾಣ್ಯ ಬೇಕೆಂದರೆ, ಕೌಂಟರಿನಲ್ಲಿ ಇರುವವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಏಕೆ ಎಂದು ಕೇಳಿದರೆ ನಾನು ಇದ್ದುದನ್ನೇ ಹೇಳುತ್ತೇನೆ: ಬೆಳ್ಳಿ ಹುಡುಕುತ್ತೇನೆ. ಹಳೆಯ ನಾಣ್ಯದಲ್ಲಿರುವ ಬೆಳ್ಳಿ ಅದರ ಮುಖಬೆಲೆಗಿಂತ ಹೆಚ್ಚು ಬಾಳುತ್ತದೆ. ಈ ಹವ್ಯಾಸಕ್ಕೆ ಬೇಕಾದ ಬಂಡವಾಳ ಆ ಕೌಂಟರಿನವರ ವಿಶ್ವಾಸ, ಅಷ್ಟೆ. ಅವರಿಗೆ ವಿಷಯ ಗೊತ್ತಿದ್ದರೆ, ಯಾರೋ ತಂದು ಕಟ್ಟಿದ ಹಳೆಯ ನಾಣ್ಯಗಳನ್ನು ನಮಗಾಗಿ ಡ್ರಾಯರಿನ ಮೂಲೆಯಲ್ಲಿ ತೆಗೆದಿಡುತ್ತಾರೆ.

1964ರವರೆಗಿನ ಡೈಮ್ (10 ಸೆಂಟ್), ಕ್ವಾರ್ಟರ್ (25 ಸೆಂಟ್), ಅರ್ಧ ಡಾಲರ್‌ಗಳಲ್ಲಿ ಶೇ. 90ರಷ್ಟು ಬೆಳ್ಳಿ ಇತ್ತು. ಬೆಳ್ಳಿಯ ಬೆಲೆ ಏರಿ ಜನ ನಾಣ್ಯಗಳನ್ನು ಕೂಡಿಡತೊಡಗಿದಾಗ, 1965ರ ಕಾಯ್ದೆ ಡೈಮ್ ಮತ್ತು ಕ್ವಾರ್ಟರ್‌ಗಳಿಂದ ಬೆಳ್ಳಿಯನ್ನು ಪೂರ್ತಿ ಕಿತ್ತುಹಾಕಿತು. ಕೆನಡಿಯ ಮುಖವಿರುವ ಅರ್ಧ ಡಾಲರಿನಲ್ಲಿ ಮಾತ್ರ 1970ರವರೆಗೆ ಶೇ. 40 ಉಳಿಯಿತು. ಈ ಶೇ. 40ರ ನಾಣ್ಯಗಳೇ ನಮ್ಮ ಪಾಲಿನ ಅದೃಷ್ಟ. 1964 ಎಂಬ ಇಸವಿ ಎಲ್ಲರಿಗೂ ಗೊತ್ತು, 1967ರ ನಾಣ್ಯ ಕೈಗೆ ಬಂದರೆ ಹೆಚ್ಚಿನವರು ಎರಡನೆಯ ಸಲ ನೋಡುವುದಿಲ್ಲ. ಹಾಗಾಗಿ ನಾನು ಕ್ವಾರ್ಟರ್‌ಗಳ ತಂಟೆಗೆ ಹೋಗುವುದಿಲ್ಲ.

ಒಂದು ಪೆಟ್ಟಿಗೆಯಲ್ಲಿ 50 ರೋಲ್, ರೋಲಿಗೆ 20 ನಾಣ್ಯ. ಸಾವಿರ ನಾಣ್ಯಗಳ ಇಸವಿ ಓದುತ್ತ ಕುಳಿತರೆ ಕಣ್ಣು ಹೋಗುತ್ತದೆ, ಅದಕ್ಕೆ ಅಂಚು ನೋಡಬೇಕು. ಕಾಗದ ಬಿಚ್ಚಿ, ನಾಣ್ಯಗಳನ್ನು ಸಾಲಾಗಿಯೇ ಮೇಜಿನ ಮೇಲೆ ಮಲಗಿಸಿ, ದೀಪವನ್ನು ಓರೆಯಾಗಿ ಹಿಡಿಯುತ್ತೇನೆ. 1971ರ ನಂತರದವುಗಳ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಢಾಳಾಗಿ ಕಾಣುತ್ತದೆ. ಶೇ. 90ರದಕ್ಕೆ ಗೆರೆಯೇ ಇಲ್ಲ, ಅಂಚೆಲ್ಲ ಬಿಳಿ. ಶೇ. 40ರದು ಮೋಸಗಾತಿ: ಕೆಂಪೂ ಅಲ್ಲ, ಬಿಳಿಯೂ ಅಲ್ಲ, ಮಸುಕಾದ ಬೂದು. ಸಂಶಯ ಬಂದರೆ ತಕ್ಕಡಿ ಇದ್ದೇ ಇದೆ. ಮಾಮೂಲಿ ನಾಣ್ಯ 11.34 ಗ್ರಾಂ, ಶೇ. 40ರದು 11.5, ಶೇ. 90ರದು 12.5. ಕೊನೆಯದನ್ನು ಕಲ್ಲಿನ ಮೇಲೆ ಬೀಳಿಸಿದರೆ ಠಣ್ ಎಂದು ಎಳೆದು ಸದ್ದು ಮಾಡುತ್ತದೆ. ಆ ಸದ್ದು ಒಮ್ಮೆ ಕಿವಿಗೆ ಹತ್ತಿದರೆ ತಕ್ಕಡಿಯ ಗೊಡವೆಯೂ ಬೇಡ.

ಯಂತ್ರ ಸುತ್ತಿದ ರೋಲ್‌ಗಳಿಗಿಂತ ಕೈಯಲ್ಲಿ ಸುತ್ತಿದವು ನನಗೆ ಇಷ್ಟ. ಅವು ಸಾಮಾನ್ಯವಾಗಿ ಯಾರದೋ ಮನೆಯ ಹುಂಡಿಯಿಂದ ಬಂದವು. ಅಜ್ಜ ಕೂಡಿಟ್ಟದ್ದನ್ನು ಮೊಮ್ಮಗ ನೋಡದೆ ಕಟ್ಟಿರುತ್ತಾನೆ. ಪೆಟ್ಟಿಗೆಗಳನ್ನು ನಮಗಿಂತ ಮೊದಲು ಬೇರೆಯವರು ಜಾಲಿಸಿರುವುದೇ ಹೆಚ್ಚು, ಏನೂ ಸಿಗದ ಪೆಟ್ಟಿಗೆ ಅಪರೂಪವಲ್ಲ. ಸಿಗದಿದ್ದರೂ ಮುಖಬೆಲೆ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಪೆಟ್ರೋಲು, ಸಂಜೆ, ಮತ್ತು ಹೆಂಡತಿಯ ತಾಳ್ಮೆ. ಸಿಕ್ಕ 1964ರ ಒಂದೆರಡು ನಾಣ್ಯ ವರಮಹಾಲಕ್ಷ್ಮಿಯ ಕಲಶದ ಮುಂದೆ ಕುಳಿತ ಮೇಲೆ ಆ ತಾಳ್ಮೆ ಸ್ವಲ್ಪ ಚೇತರಿಸಿಕೊಂಡಿದೆ.

ಉಳಿದದ್ದನ್ನು ತಂದ ಬ್ಯಾಂಕಿಗೇ ಹಿಂದಿರುಗಿಸಬಾರದು. ನಮ್ಮದೇ ನಾಣ್ಯ ಮತ್ತೆ ನಮಗೇ ಬರುತ್ತದೆ, ಜೊತೆಗೆ ಕೌಂಟರಿನವರ ಮುಖ ಗಂಟಾಗುತ್ತದೆ. ತರಲು ಒಂದು ಬ್ಯಾಂಕು, ಕಟ್ಟಲು ಇನ್ನೊಂದು. ಕಟ್ಟುವ ಕಡೆ ಖಾತೆದಾರರಿಗೆ ಎಣಿಸುವ ಯಂತ್ರ ಪುಕ್ಕಟೆಯಾಗಿರಬೇಕು. ಕಮಿಷನ್ ಕೊಟ್ಟು ಎಣಿಸಿದರೆ ಬೆಳ್ಳಿಯ ಲಾಭ ಅಲ್ಲಿಗೇ ಮುಗಿಯಿತು.

ಒಂದಿಷ್ಟನ್ನು ಮಾತ್ರ ನಾನು ಖರ್ಚು ಮಾಡಲೆಂದೇ ಇಟ್ಟುಕೊಳ್ಳುತ್ತೇನೆ. ಎರಡು ಡಾಲರಿನ ನೋಟುಗಳನ್ನೂ ಬ್ಯಾಂಕಿನಿಂದ ಕೇಳಿ ತರುತ್ತೇನೆ. ಜೆಫರ್‌ಸನ್ ಮುಖದ ಈ ನೋಟನ್ನು 1976ರಲ್ಲಿ ಮತ್ತೆ ಚಲಾವಣೆಗೆ ತಂದರು, ಈಗಲೂ ಅಚ್ಚಾಗುತ್ತದೆ. ಆದರೂ ಇದು ನಿಂತುಹೋಗಿದೆ ಎಂದು ನಂಬಿದವರೇ ಬಹಳ. ಎಳೆಯ ವಯಸ್ಸಿನ ಕ್ಯಾಷಿಯರ್ ಅದನ್ನು ಬೆಳಕಿಗೆ ಹಿಡಿದು, ಮ್ಯಾನೇಜರನ್ನು ಕರೆದು, ಕೊನೆಗೆ ತನ್ನ ಜೇಬಿನಿಂದ ಎರಡು ಡಾಲರ್ ಗಲ್ಲಾಪೆಟ್ಟಿಗೆಗೆ ಹಾಕಿ ನೋಟನ್ನು ತಾನೇ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ. ಅರ್ಧ ಡಾಲರಿಗೆ ಗಲ್ಲಾಪೆಟ್ಟಿಗೆಯಲ್ಲಿ ಬೇರೆ ಖಾನೆಯೇ ಇರುವುದಿಲ್ಲ, ಪಾನೀಯದ ಯಂತ್ರಗಳು ಬಹುಮಟ್ಟಿಗೆ ಉಗುಳಿಬಿಡುತ್ತವೆ. ರೈತರ ಸಂತೆಯಲ್ಲಿ ಮಾತ್ರ ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ.

ಕನ್ನಡದವರ ಮದುವೆ, ಗೃಹಪ್ರವೇಶಗಳಿಗೆ ಹೋಗುವಾಗ ಚಿನ್ನದ ಬಣ್ಣದ ಒಂದು ಡಾಲರ್ ನಾಣ್ಯ ಬಲು ಉಪಯೋಗಿ. ಐವತ್ತರ ನೋಟಿನ ಜೊತೆ ಅದನ್ನಿಟ್ಟರೆ ಐವತ್ತೊಂದರ ಮುಯ್ಯಿ ಲಕ್ಷಣವಾಗಿ ಕಾಣುತ್ತದೆ, ಲಕೋಟೆಗೆ ತೂಕವೂ ಬರುತ್ತದೆ.

ಇಲ್ಲಿನ ಫೆಡರಲ್ ಕಾನೂನು ಇಂಥ ನಾಣ್ಯವನ್ನೋ ನೋಟನ್ನೋ ತೆಗೆದುಕೊಳ್ಳಲೇಬೇಕೆಂದು ಖಾಸಗಿ ಅಂಗಡಿಯವರನ್ನು ಕಟ್ಟಿಹಾಕುವುದಿಲ್ಲ. ಬೇಡವೆಂದರೆ ವಾದಕ್ಕಿಳಿಯದೆ ಮಾಮೂಲಿ ನೋಟು ತೆಗೆದುಕೊಡುತ್ತೇನೆ. ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲಿ ಹೇಳಿದ ಮೇಲೂ ಊರಿನ ಅಂಗಡಿಯಲ್ಲಿ ಅದನ್ನು ದಾಟಿಸಲು ಹೆಣಗಿದ ನಮಗೆ ಇದೇನು ದೊಡ್ಡ ಅವಮಾನವಲ್ಲ. ಹಿಂದೆ ಸಾಲು ಉದ್ದವಿದ್ದಾಗ ಮಾತ್ರ ಅರ್ಧ ಡಾಲರ್ ಹೊರತೆಗೆಯಬೇಡಿ.