ಚೀಟಿಯಲ್ಲಿ ಬರೆದಷ್ಟೇ ಮಾತ್ರೆ ಕೊಳ್ಳುವ ಬಗೆ

ವೈದ್ಯರು ಔಷಧ ಬರೆದುಕೊಡುವುದು ದಿನಗಳ ಲೆಕ್ಕದಲ್ಲಿ. ಕಂಪನಿಗಳು ಮಾತ್ರೆ ಕಟ್ಟುವುದು ಹೆಚ್ಚಾಗಿ 10 ಅಥವಾ 15ರ ಸ್ಟ್ರಿಪ್‌ಗಳಲ್ಲಿ. ಈ ಎರಡು ಲೆಕ್ಕಗಳು ತಾಳೆಯಾಗದೆ ಉಳಿಯುವ ಮಾತ್ರೆಗಳಿಗೂ ರೋಗಿಯೇ ಹಣ ತೆರುತ್ತಾನೆ. ಹೊಟ್ಟೆಯುರಿಗೆ ದಿನಕ್ಕೊಂದರಂತೆ ಐದು ದಿನದ ಮಾತ್ರೆ ಬರೆದಿದ್ದು, ಅಂಗಡಿಯಲ್ಲಿ 15 ಮಾತ್ರೆಗಳ ಸ್ಟ್ರಿಪ್‌ಗೆ 150 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಬೇಕಾದದ್ದು 50 ರೂಪಾಯಿಯ ಔಷಧ. ಉಳಿದ 100 ರೂಪಾಯಿ ಮನೆಯ ಡಬ್ಬಿಯಲ್ಲಿ ಅವಧಿ ಮುಗಿಯುವವರೆಗೆ ಬಿದ್ದಿರುತ್ತದೆ.

ಅಂಗಡಿಗೆ ಹೋಗುವ ಮೊದಲೇ ಲೆಕ್ಕ ಹಾಕಿಕೊಳ್ಳಿ. 1-0-1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಮೂರು ದಿನಕ್ಕೆ ಆರು ಮಾತ್ರೆ. ಚೀಟಿಯನ್ನು ತಿದ್ದದೆ, ಬೇರೆ ಕಾಗದದಲ್ಲಿ ಪ್ರತಿ ಔಷಧದ ಸಂಖ್ಯೆಯನ್ನು ಬರೆದುಕೊಳ್ಳಿ. ಉಳಿತಾಯದ ಆಸೆಗೆ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಮಾತ್ರ ಎಂದೂ ಕಡಿಮೆ ಮಾಡಬೇಡಿ; ವೈದ್ಯರು ಹೇಳಿದಷ್ಟನ್ನೂ ಕೊಂಡು, ಹೇಳಿದಷ್ಟು ದಿನವೂ ನುಂಗಬೇಕು.

ಬಿಡಿ ಮಾತ್ರೆ ಕೇಳಲು ಸಂಕೋಚ ಬೇಡ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ, ಬಿಡಿಯಾಗಿ ಮಾರುವ ಔಷಧಕ್ಕೆ ಪೂರ್ಣ ಪ್ಯಾಕಿನ ಬೆಲೆಯನ್ನು ಭಾಗಿಸಿ ಬರುವ ಮೊತ್ತಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಹಾಗಿದ್ದರೂ ಕೆಲವು ಅಂಗಡಿಯವರು ಸ್ಟ್ರಿಪ್ ಕತ್ತರಿಸಲು ಒಪ್ಪುವುದಿಲ್ಲ; ಕತ್ತರಿಸಿ ಉಳಿದ ತುಂಡು ಮಾರಾಟವಾಗದೆ ಅವಧಿ ಮೀರಿದರೆ ವಿತರಕರು ಸಾಮಾನ್ಯವಾಗಿ ಅದನ್ನು ವಾಪಸು ಪಡೆಯುವುದಿಲ್ಲವೆಂಬುದು ಅವರ ಅಳಲು. ಅದು ನಿಜವಾದ ನಷ್ಟವೇ, ಆದರೆ ಅದನ್ನು ಕಾಯಿಲೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಜಗಳಕ್ಕಿಳಿಯದೆ, ಬಿಡಿ ಮಾತ್ರೆ ಕೊಡುವ ಮತ್ತೊಂದು ಅಂಗಡಿಗೆ ಹೋಗಿ, ಮುಂದೆಯೂ ಅಲ್ಲಿಯೇ ವ್ಯವಹಾರ ಇಟ್ಟುಕೊಳ್ಳುವುದು ಮೇಲು.

ಕತ್ತರಿಸುವಾಗ ಕಣ್ಣಿಟ್ಟು ನೋಡಿ. ಅನೇಕ ಸ್ಟ್ರಿಪ್‌ಗಳಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಒಂದೇ ತುದಿಯಲ್ಲಿ ಅಚ್ಚಾಗಿರುತ್ತವೆ. ಆ ತುದಿ ಅಂಗಡಿಯಲ್ಲಿಯೇ ಉಳಿದರೆ ನಿಮ್ಮ ಕೈಗೆ ಬರುವುದು ಗುರುತಿಲ್ಲದ ಮಾತ್ರೆ. ಕತ್ತರಿಸುವ ಮುನ್ನವೇ ಪೂರ್ಣ ಸ್ಟ್ರಿಪ್ಪಿನ ಎರಡೂ ಬದಿಗಳ ಫೋಟೊ ತೆಗೆದುಕೊಳ್ಳಿ, ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ನಮೂದಾಗಿವೆಯೇ ಎಂದು ಪರಿಶೀಲಿಸಿ. ಕತ್ತರಿ ಮಾತ್ರೆ ಕೂತಿರುವ ಉಬ್ಬಿಗೆ ತಾಗಬಾರದು, ಏಕೆಂದರೆ ಹಾಳೆ ಹರಿದರೆ ತೇವ ಒಳಹೊಗುತ್ತದೆ. ಇದೇ ಕಾರಣಕ್ಕೆ ಮಾತ್ರೆಗಳನ್ನು ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕೊಟ್ಟರೆ ಒಪ್ಪಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಒಂಟಿ ಮಾತ್ರೆಯ ತುಂಡುಗಳಾಗಿ ಕತ್ತರಿಸಿಡಬೇಡಿ: ಮಬ್ಬು ಬೆಳಕಿನಲ್ಲಿ ಹೊದಿಕೆಯ ಸಮೇತ ನುಂಗಿ, ಅದರ ಚೂಪಾದ ಮೂಲೆ ಅನ್ನನಾಳಕ್ಕೆ ಗಾಯ ಮಾಡಿರುವ ಪ್ರಕರಣಗಳಿವೆ.

ಬಿಪಿ, ಸಕ್ಕರೆ ಕಾಯಿಲೆಯ ಪ್ರಮಾಣ ಸ್ಥಿರವಾದ ಮಾತ್ರೆಗಳನ್ನು ಪೂರ್ಣ ಸ್ಟ್ರಿಪ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಎಚ್ಚರ ಬೇಕಾಗಿರುವುದು ಹೊಸದಾಗಿ ಆರಂಭಿಸಿದ ಅಥವಾ ಪ್ರಮಾಣ ಬದಲಾದ ಔಷಧದ ಬಗ್ಗೆ. ಥೈರಾಯ್ಡ್ ಮಾತ್ರೆಯನ್ನೇ ನೋಡಿ: ಅದು 100ರ ಬಾಟಲಿಗಳಲ್ಲೂ ಬರುತ್ತದೆ, ಆದರೆ ಪ್ರಮಾಣ ನಿಗದಿಪಡಿಸಿದ ಆರೆಂಟು ವಾರಗಳ ನಂತರ ರಕ್ತಪರೀಕ್ಷೆ ಮಾಡಿಸಿ ಅದನ್ನು ಬದಲಿಸುವುದುಂಟು. ಆರು ವಾರ ಮುಗಿದಾಗ ಬದಲಾದರೆ 58 ಮಾತ್ರೆಗಳು ವ್ಯರ್ಥ. ಆದ್ದರಿಂದ ಮುಂದಿನ ಪರೀಕ್ಷೆ ಯಾವಾಗ ಎಂದು ವೈದ್ಯರನ್ನು ಮೊದಲೇ ಕೇಳಿ, ಚಿಕ್ಕ ಪ್ಯಾಕ್ ಸಿಗುತ್ತದೆಯೇ ಎಂದು ವಿಚಾರಿಸಿ.

ಇಷ್ಟಾದರೂ ಉಳಿದ ಮಾತ್ರೆಗಳನ್ನು ನೆರೆಮನೆಯವರಿಗೆ ಕೊಡಬೇಡಿ, ಮುಂದಿನ ಜ್ವರಕ್ಕೆಂದು ಎತ್ತಿಡಬೇಡಿ. ಹಾಗೆ ಉಳಿಸಿದ ಆ್ಯಂಟಿಬಯೋಟಿಕ್ ಅನ್ನು ಯಾರೋ ಅರ್ಧಂಬರ್ಧ ನುಂಗುವುದೇ ಈ ಪ್ಯಾಕಿಂಗಿನ ಅತಿ ದುಬಾರಿ ವೆಚ್ಚ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅವಧಿ ಮೀರಿದ ಔಷಧಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದ್ದವು. ಅವನ್ನು ಸಿಂಕಿಗೆ ಸುರಿಯದೆ, ಬೇರೆಯಾಗಿ ಕಟ್ಟಿ, ಮೇಲೆ ಗುರುತು ಬರೆದು ಕಸ ಸಂಗ್ರಹಿಸುವವರಿಗೆ ಕೊಡಿ. ಮಾರ್ಫಿನ್‌ನಂಥ ಪ್ರಬಲ ನೋವುನಿವಾರಕಗಳಾದರೆ ಅವನ್ನು ಬರೆದುಕೊಟ್ಟ ಆಸ್ಪತ್ರೆಯನ್ನೇ ಕೇಳಬೇಕು. ರಟ್ಟಿನ ಪೆಟ್ಟಿಗೆ ಒಣಕಸಕ್ಕೆ ಹೋಗಲಿ. ಖಾಲಿ ಸ್ಟ್ರಿಪ್‌ನಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಅಂಟಿಕೊಂಡಿರುವುದರಿಂದ ಗುಜರಿಯವರು ಸಾಮಾನ್ಯವಾಗಿ ಅದನ್ನು ಕೊಳ್ಳುವುದಿಲ್ಲ. ನಿಮ್ಮ ವಾರ್ಡಿನಲ್ಲಿ ಅದನ್ನು ಯಾವ ಕಸಕ್ಕೆ ಸೇರಿಸಬೇಕೆಂದು ಪೌರಕಾರ್ಮಿಕರನ್ನು ಕೇಳಿ ತಿಳಿದುಕೊಳ್ಳಿ.