ನನ್ನ ಎಂಟು ಪುಟ

ನಾನೇ ಬರೆದು ಹಂಚುವ ಪುಟ್ಟ ಹೊತ್ತಿಗೆಯೊಂದಿದೆ, ಅದಕ್ಕೆ ಹೆಸರೇ ಇಟ್ಟಿಲ್ಲ. ಮೊದಲ ಪುಟದ ಮೇಲೆ ಒಂದು ಸಂಖ್ಯೆ, ಪಕ್ಕದಲ್ಲಿ ತಿಂಗಳು, ಅಷ್ಟೇ. ಓದುವವರು ಅದನ್ನು ‘ಎಂಟು ಪುಟ’ ಅಂತಾರೆ. ಕೈಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಮಡಿಸಿ, ಹೊಲಿದು, ಎರಡು ತಿಂಗಳಿಗೊಮ್ಮೆ 60 ಜನಕ್ಕೆ ತಲುಪಿಸುತ್ತೇನೆ. 2019ರಲ್ಲಿ ಶುರು ಮಾಡಿದಾಗ 12 ಪ್ರತಿ ಇತ್ತು. ಈಗ 31ನೆಯದು ಮೇಜಿನ ಮೇಲಿದೆ.

ತುಮಕೂರಿನ ಬಟವಾಡಿಯ ಎಪಿಎಂಸಿ ಯಾರ್ಡಿನಲ್ಲಿ, ಒಂದು ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹುಣಸೆಹಣ್ಣಿನ ಸೀಸನ್ನಿನಲ್ಲಿ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಉಳಿದ ದಿನ ಮಧ್ಯಾಹ್ನದ ಮೇಲೆ ಸ್ವಲ್ಪ ಬಿಡುವು. ಆ ಹೊತ್ತಿನಲ್ಲಿ ಹಳೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಏನೇನೋ ಗೀಚುತ್ತಿದ್ದೆ. ಅಮಾನಿಕೆರೆಯಲ್ಲಿ ಕಂಡ ಹಕ್ಕಿ, ಅಜ್ಜಿ ಹೇಳಿದ ಹುಳಿಸಾರಿನ ಅಳತೆ, ದೇವಸ್ಥಾನದ ಕಲ್ಲಿನ ಮೇಲಿನ ಅಕ್ಷರ. ಒಂದಕ್ಕೊಂದು ಸಂಬಂಧ ಇಲ್ಲ.

ಮೊದಲ ಸಂಚಿಕೆ ಹುಟ್ಟಿದ್ದು ಅಪ್ಪನ ವಾಚಿನಿಂದ. ಎಚ್‌ಎಂಟಿ ಜನತಾ, 17 ಜ್ಯುವೆಲ್, ದಿನಾ ಕೀ ಕೊಡಬೇಕು. ಅಪ್ಪ ಹೋದ ಮೇಲೆ ಬೀರುವಿನಲ್ಲೇ ನಿಂತುಹೋಗಿತ್ತು. ರಿಪೇರಿಗೆ ಒಯ್ದಾಗ ಅಂಗಡಿಯ ಭಾಯಿ ಅದನ್ನು ಬಿಚ್ಚಿ, ಭೂತಗನ್ನಡಿ ನನ್ನ ಕೈಗೆ ಕೊಟ್ಟು, “ನೋಡಿ ಅಕ್ಕಾ, ಒಳಗೆ ಏನೂ ಕೆಟ್ಟಿಲ್ಲ. ಎಣ್ಣೆ ಒಣಗಿದೆ ಅಷ್ಟೇ” ಅಂದರು. ನಮ್ಮೂರಲ್ಲೇ ಎಚ್‌ಎಂಟಿ ವಾಚಿನ ಕಾರ್ಖಾನೆ ಇತ್ತು. 2016ರಲ್ಲಿ ಕಂಪನಿಯ ವಾಚ್ ವಿಭಾಗವನ್ನೇ ಮುಚ್ಚಲು ತೀರ್ಮಾನವಾಯಿತು. ಆದರೆ ಅಲ್ಲಿ ಕೆಲಸ ಮಾಡಿದವರು ಇನ್ನೂ ಊರಲ್ಲೇ ಇದ್ದಾರಲ್ಲ. ಅವರಲ್ಲಿ ಇಬ್ಬರನ್ನು ಮಾತಾಡಿಸಿದೆ. ಬರೆದದ್ದು ನಾಲ್ಕು ಪುಟ ಆಯಿತು. ಅದನ್ನು 12 ಜನ ನೆಂಟರಿಗೆ, ಸ್ನೇಹಿತರಿಗೆ ಕೊಟ್ಟೆ. ಮುಂದಿನದು ಯಾವಾಗ ಅಂತ ಇಬ್ಬರು ಕೇಳಿದರು. ಇಬ್ಬರೇ. ನನಗೆ ಅಷ್ಟು ಸಾಕಾಯಿತು.

ಕಂಪ್ಯೂಟರಿನಲ್ಲಿ ಯಾಕೆ ಮಾಡಲ್ಲ ಅಂತ ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಹಾಗೇ ಮಾಡಿದ್ದೆ. ಮಂಡಿಯ ಕಂಪ್ಯೂಟರಿನಲ್ಲಿ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದೆ. ಜೆರಾಕ್ಸ್ ಅಂಗಡಿಯ ಹುಡುಗ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆ. ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಹಳೆಯ ನುಡಿ ಫಾಂಟುಗಳ ಸಮಸ್ಯೆ ಅದು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಬರೆದಿದ್ದರೆ, ಇಲ್ಲಾ ಪಿಡಿಎಫ್ ಮಾಡಿ ಒಯ್ದಿದ್ದರೆ ಈ ಪಜೀತಿ ಇರುತ್ತಿರಲಿಲ್ಲ. ಆವತ್ತು ನನಗೆ ಅದು ಗೊತ್ತಿರಲಿಲ್ಲ. ಸಿಟ್ಟು ಬಂದು ಮನೆಗೆ ಬಂದು ಕೈಯಲ್ಲೇ ಬರೆದೆ. ಆಮೇಲೆ ಗೊತ್ತಾದರೂ ಬದಲಾಯಿಸಲಿಲ್ಲ. ಲೆಕ್ಕ ಬರೆದು ಬರೆದು ಅಕ್ಷರ ದುಂಡಗಿದೆ, ಸುಮ್ನೆ ಯಾಕೆ ಬಿಡಬೇಕು?

ಕೈಬರಹಕ್ಕೂ ಅದರದೇ ತಾಪತ್ರಯ ಇದೆ. ನಾನು ಎ4 ಹಾಳೆಯಲ್ಲಿ ಬರೆಯುತ್ತೇನೆ. ಅಂಗಡಿಯಲ್ಲಿ ಅದನ್ನು ಶೇಕಡಾ 71ಕ್ಕೆ ಇಳಿಸಿದರೆ ಒಂದು ಎ4 ಹಾಳೆಯ ಒಂದು ಮೈಯಲ್ಲಿ ಎರಡು ಪುಟ ಸರಿಯಾಗಿ ಕೂರುತ್ತವೆ. ಇಳಿಸಿದಾಗ ಮೊದಲು ಹಾಳಾಗುವುದು ಒತ್ತಕ್ಷರ. ‘ಸ್ತ್ರೀ’, ‘ಲಕ್ಷ್ಮಿ’ ಇಂಥವು ಕಲಸಿ ಮಸಿಯ ಚುಕ್ಕೆ ಆಗುತ್ತವೆ. ಅದಕ್ಕೆ ಸಾಲಿಂದ ಸಾಲಿಗೆ ಒಂದು ಸೆಂಟಿಮೀಟರ್‌ಗಿಂತ ಕಡಿಮೆ ಬಿಡಬಾರದು. ಇಂಗ್ಲಿಷಿಗಾದರೆ ಸಾಲು ಹತ್ತಿರ ಹತ್ತಿರ ಇದ್ದರೂ ನಡೆಯುತ್ತದೆ. ನಮ್ಮ ಅಕ್ಷರ ಕೆಳಗೂ ಕಾಲು ಚಾಚುತ್ತದೆ, ಮೇಲೂ ಕೊಂಬು ಎತ್ತುತ್ತದೆ. ಕಪ್ಪು ಜೆಲ್ ಪೆನ್ನೇ ಬೇಕು, ನೀಲಿ ಮಸುಕಾಗಿ ಬರುತ್ತದೆ. ಈ ಮಸುಕನ್ನೇ ಉಪಯೋಗಿಸಿಕೊಳ್ಳಬಹುದು. ತೀರಾ ತಿಳಿ ನೀಲಿ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು ಬರೆದರೆ ಗೆರೆ ಪ್ರತಿಯಲ್ಲಿ ಕಾಣುವುದೇ ಇಲ್ಲ. ರಬ್ಬರ್ ಉಜ್ಜುವ ಕೆಲಸ ಉಳಿಯಿತು. ಅಂಚಿನಲ್ಲಿ ಒಂದು ಸೆಂಟಿಮೀಟರ್ ಖಾಲಿ ಬಿಡಬೇಕು, ಯಂತ್ರ ಅಷ್ಟು ದೂರ ಹೋಗುವುದಿಲ್ಲ.

ಪುಟ ಜೋಡಿಸುವುದು ಮೊದಲಿಗೆ ತಲೆನೋವು. ಎರಡು ಹಾಳೆ ಒಂದರೊಳಗೊಂದು ಇಟ್ಟು ಮಡಿಸಿದರೆ ಎಂಟು ಪುಟ. ಹೊರಗಿನ ಹಾಳೆಯ ಒಂದು ಮೈಯಲ್ಲಿ 8 ಮತ್ತು 1, ಇನ್ನೊಂದರಲ್ಲಿ 2 ಮತ್ತು 7. ಒಳಗಿನ ಹಾಳೆಯಲ್ಲಿ 6 ಮತ್ತು 3, ಆಮೇಲೆ 4 ಮತ್ತು 5. ನೆನಪಿಡಲು ಲೆಕ್ಕದವಳ ಉಪಾಯ ಇದೆ: ಯಾವ ಮೈ ನೋಡಿದರೂ ಎರಡು ಪುಟ ಕೂಡಿದರೆ ಒಂಬತ್ತು ಬರಬೇಕು. ಬರದಿದ್ದರೆ ತಪ್ಪಾಗಿದೆ ಅಂತ ಅರ್ಥ. ಎರಡು ಮೈಗೆ ಹಾಕಿಸುವಾಗ ಹಾಳೆಯನ್ನು ಗಿಡ್ಡ ಅಂಚಿನ ಕಡೆ ತಿರುಗಿಸಲು ಹೇಳಬೇಕು. ಒಮ್ಮೆ ಹೇಳಲು ಮರೆತೆ. 40 ಪ್ರತಿಯಲ್ಲಿ ಅರ್ಧ ಪುಟಗಳು ತಲೆಕೆಳಗು. ಬಿಸಾಡಲು ಮನಸ್ಸು ಬರದೆ ಹಾಗೇ ಕಳಿಸಿದೆ. “ಅಕ್ಕಾ, ಈ ಸಲ ಶೀರ್ಷಾಸನ ಮಾಡಿ ಓದಿದೆವು” ಅಂತ ಪಾವಗಡದಿಂದ ಕಾರ್ಡು ಬಂತು.

ಹೊಲಿಗೆಯೂ ಹಾಗೇ. ಮಾಮೂಲಿ ಸ್ಟೇಪ್ಲರ್ ಮಡಿಕೆಯ ನಡುವಿನ ತನಕ ಮುಟ್ಟುವುದಿಲ್ಲ. ಮಂಡಿಯಲ್ಲಿ ಗೋಣಿ ಹೊಲಿಯುವ ದಬ್ಬಳದಿಂದ ಪ್ರಯತ್ನ ಪಟ್ಟೆ. ಇಲಿ ಕಡಿದ ಹಾಗೆ ತೂತು ಬಿತ್ತು. ಈಗ ಮಾಮೂಲಿ ಸೂಜಿ, ಬಿಳಿ ದಾರ, ಮಡಿಕೆಯ ಮೇಲೆ ಮೂರು ತೂತು. ಟಿವಿ ನೋಡುತ್ತಾ ಒಂದು ಸಂಜೆಗೆ 60 ಮುಗಿಯುತ್ತವೆ.

ಎಂಟೇ ಪುಟ ಯಾಕೆ ಅಂದರೆ ಅದು ಅಂಚೆಯ ಲೆಕ್ಕ. 20 ಗ್ರಾಂ ತನಕದ ಕವರಿಗೆ 5 ರೂಪಾಯಿ ಸ್ಟಾಂಪು. 75 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 75 ಗ್ರಾಂ ತೂಗುವ ಕಾಗದದ, ಎ4 ಹಾಳೆ ಒಂದು ಸುಮಾರು 4.7 ಗ್ರಾಂ ತೂಗುತ್ತದೆ. ಎರಡು ಹಾಳೆ, ಒಂದು ಕವರ್ ಸೇರಿದರೂ 20ರ ಒಳಗೆ ಆರಾಮಾಗಿ ಇರುತ್ತದೆ. ಮೂರನೇ ಹಾಳೆ ಹಾಕಿದರೆ ದಪ್ಪ ಕವರಿಗೆ ಅಂಚಿಗೆ ಬಂದು ನಿಲ್ಲುತ್ತದೆ. ಅಂಚೆ ಕಚೇರಿಯ ತಕ್ಕಡಿ ಮುಂದೆ ನಿಂತು ಬೆವರುವ ಕೆಲಸ ನನಗೆ ಬೇಡ. 40 ಪ್ರತಿ ಅಂಚೆಗೆ, 20 ಕೈಯಲ್ಲೇ ಹಂಚುತ್ತೇನೆ. ಜೆರಾಕ್ಸಿಗೆ 240, ಸ್ಟಾಂಪಿಗೆ 200, ಕವರಿಗೆ 40. ಒಟ್ಟು 480 ರೂಪಾಯಿ. ಎರಡು ತಿಂಗಳಿಗೆ ಅಷ್ಟು ನನ್ನ ಕೈಲಿ ಆಗುತ್ತದೆ.

ಮಂಡಿಯ ಯಜಮಾನರು ಒಮ್ಮೆ “ಖರ್ಚೆಲ್ಲ ನಾನು ಕೊಡ್ತೀನಿ ಕಣಮ್ಮ, ಹಿಂದಿನ ಪುಟದಲ್ಲಿ ನಮ್ಮ ಮಂಡಿ ಹೆಸರು ಹಾಕು” ಅಂದರು. ಒಳ್ಳೆಯ ಮನಸ್ಸಿಂದಲೇ ಹೇಳಿದ್ದು. ಬೇಡ ಅಂದೆ. ಅದರ ಹಿಂದಿನ ಸಂಚಿಕೆಯಲ್ಲೇ ಹುಣಸೆಹಣ್ಣಿನ ತೂಕದಲ್ಲಿ ರೈತರಿಗೆ ಏನು ಕಳೆಯುತ್ತಾರೆ ಅಂತ ಬರೆದಿದ್ದೆ. ಅವರ ಹೆಸರು ಹಿಂದಿನ ಪುಟದಲ್ಲಿದ್ದರೆ ಮೂರನೇ ಪುಟದಲ್ಲಿ ಅದನ್ನು ಬರೆಯುವ ಧೈರ್ಯ ನನಗೆ ಇರುತ್ತಿರಲಿಲ್ಲ. ಚಂದಾ ಕೂಡ ತಗೊಳ್ಳುವುದಿಲ್ಲ. ಕೆಲವರು ಸ್ಟಾಂಪು ಕಳಿಸುತ್ತಾರೆ, ಅದನ್ನು ಇಟ್ಟುಕೊಳ್ಳುತ್ತೇನೆ. ಸುದ್ದಿ ಹಾಕಿ ಪತ್ರಿಕೆ ಅಂತ ನಡೆಸುವವರಿಗೆ ನೋಂದಣಿ ಬೇಕು. 1867ರ ಹಳೆ ಕಾಯ್ದೆಯ ಜಾಗದಲ್ಲಿ ಈಗ 2023ರ ಹೊಸದು ಬಂದಿದೆ. ನಾನು ಸುದ್ದಿಯ ಕಡೆ ಹೋಗುವುದಿಲ್ಲ, ಮಾರುವುದಿಲ್ಲ. ಕೊನೆ ಪುಟದಲ್ಲಿ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಅಂತ ಬರೆದು ನನ್ನ ಹೆಸರು ಹಾಕುತ್ತೇನೆ.

ಈಗ ಆರನೇ ಸಂಚಿಕೆಯ ಹೊತ್ತಿಗೆ ಮಾಡಿದ ತಪ್ಪಿನ ಮಾತು. ತುಂಬಾ ಓದಿಕೊಂಡ ಸ್ನೇಹಿತೆಯೊಬ್ಬಳು, “ಇದೇನೇ, ವಾಚು, ಹಕ್ಕಿ, ಸಾರು, ಶಾಸನ! ಕಿಚಡಿ ಆಯ್ತು. ಒಂದು ವಿಷಯ ಹಿಡ್ಕೋ, ಜನ ಆಗ ಸೀರಿಯಸ್ಸಾಗಿ ತಗೋತಾರೆ” ಅಂದಳು. ನನಗೂ ಹೌದು ಅನ್ನಿಸಿತು. ಹಕ್ಕಿ ಆರಿಸಿಕೊಂಡೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿಬಂದೆ. ಅಲ್ಲಿ ಊರಿನ ನಡುವೆಯೇ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ಮರದ ಕೆಳಗೆ ಬಿಳಿ ಹಿಕ್ಕೆ, ಮೀನಿನ ವಾಸನೆ, ಮೇಲೆ ಕೊಕ್ಕು ಬಡಿಯುವ ಸದ್ದು. ಕೆಳಗೆ ಅಜ್ಜಿಯೊಬ್ಬರು ಆರಾಮಾಗಿ ರಾಗಿ ಕೇರುತ್ತಾ ಕೂತಿದ್ದರು. ಆ ಸಂಚಿಕೆ ಚೆನ್ನಾಗಿತ್ತು, ಇವತ್ತಿಗೂ ನನಗೆ ಇಷ್ಟ. ಮುಂದಿನದಕ್ಕೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು. ನೋಡಲು ಹೋದದ್ದು ಹಕ್ಕಿ, ಕಣ್ಣು ಹೋದದ್ದು ಕೃಷ್ಣಮೃಗದ ಕಡೆ. ವಿಷಯ ಹಕ್ಕಿ ಅಲ್ವಾ ಅಂತ ಜಿಂಕೆಯನ್ನು ಬಿಟ್ಟು ಬರೆದೆ. ಮೂರನೆಯದಕ್ಕೆ ಹೋಗಲು ಪುರುಸೊತ್ತೇ ಆಗಲಿಲ್ಲ. ಪುಸ್ತಕ ನೋಡಿ ಎಂಟು ಪುಟ ತುಂಬಿಸಿದೆ. ಯಾವ ಹಕ್ಕಿಯನ್ನೂ ನಾನು ಕಂಡಿರಲಿಲ್ಲ. ಆ ಸಂಚಿಕೆಗೆ ಒಂದು ಕಾರ್ಡೂ ಬರಲಿಲ್ಲ. ಆಮೇಲೆ ಐದು ತಿಂಗಳು ಪೆನ್ನು ಹಿಡಿಯಲಿಲ್ಲ.

ಮತ್ತೆ ಶುರುವಾದದ್ದು ನಲ್ಲಿಯಿಂದ. ನಮ್ಮ ಬೀದಿಗೆ ನಾಲ್ಕು ದಿನ ನೀರು ಬರಲಿಲ್ಲ. ಈ ನೀರು ಬರುವುದಾದರೂ ಎಲ್ಲಿಂದ ಅಂತ ಮಗ ಕೇಳಿದ. ಹೇಮಾವತಿ ಅಂದೆ. “ಹೇಮಾವತಿ ಹಾಸನದಲ್ಲಲ್ವಾ ಇರೋದು?” ಅಂದ. ಭಾನುವಾರ ಇಬ್ಬರೂ ಸ್ಕೂಟರಿನಲ್ಲಿ ಬುಗುಡನಹಳ್ಳಿ ಕೆರೆಗೆ ಹೋದೆವು. ಗೊರೂರಿನ ಅಣೆಕಟ್ಟಿನಿಂದ ನಾಲೆಯಲ್ಲಿ ಬಂದ ನೀರನ್ನು ಅಲ್ಲಿ ತುಂಬಿಟ್ಟು ಊರಿಗೆ ಬಿಡುತ್ತಾರೆ. ಏರಿಯ ಮೇಲೆ ನಿಂತಾಗ ಬರೆಯಬೇಕು ಅನ್ನಿಸಿತು. ಬರೆದೆ. ಅದೇ ಸಂಚಿಕೆಯಲ್ಲಿ ಏರಿಯ ಮೇಲೆ ಕಂಡ ಮಿಂಚುಳ್ಳಿ, ವಾಪಸ್ ಬರುವಾಗ ತಿಂದ ಮಂಡಕ್ಕಿ, ಸ್ಕೂಟರಿನ ಪಂಚರ್, ಎಲ್ಲ ಬಂತು. ಕಾರ್ಡುಗಳು ಮತ್ತೆ ಬರತೊಡಗಿದವು.

ಆವತ್ತಿನಿಂದ ಇರುವುದು ಒಂದೇ ನಿಯಮ. ನಾನೇ ಹೋಗಿ ನೋಡದ, ಮುಟ್ಟದ, ತಿನ್ನದ ವಸ್ತುವಿನ ಮೇಲೆ ಲೇಖನ ಇಲ್ಲ. ವಿಷಯ ಎಷ್ಟು ಬೇಕಾದರೂ ಇರಲಿ. ಈ ನಿಯಮ ಇಟ್ಟ ಮೇಲೆ ಬರೆಯುವುದು ಕಮ್ಮಿಯಾಯಿತು, ಬಸ್ಸಿನ ಖರ್ಚು ಜಾಸ್ತಿಯಾಯಿತು. ಮೇಲಿನ 480ರಲ್ಲಿ ಅದನ್ನು ಸೇರಿಸಿಲ್ಲ. ಮನೆಯವರು ಇದನ್ನು ಓದುತ್ತಾರೆ.

ಹೋಗಿ ನೋಡಿದ ಮಾತ್ರಕ್ಕೆ ಸರಿಯಾಗಿ ಬರೆಯುತ್ತೇವೆ ಅಂತೇನೂ ಇಲ್ಲ. ಗೂಳೂರಿನ ಹತ್ತಿರದ ಕೈದಾಳಕ್ಕೆ ಹೋಗಿದ್ದೆ. ಚೆನ್ನಕೇಶವನ ಆಳೆತ್ತರದ ವಿಗ್ರಹ ನೋಡಿ ಮಾತೇ ಹೊರಡಲಿಲ್ಲ. ಜಕಣಾಚಾರಿ, ಮಗ ಡಂಕಣಾಚಾರಿ, ಕಲ್ಲಿನೊಳಗಿನ ಕಪ್ಪೆ, ಕತ್ತರಿಸಿಕೊಂಡ ಕೈ ಮತ್ತೆ ಬಂದದ್ದು, ಅದರಿಂದ ಊರಿಗೆ ಈ ಹೆಸರು ಬಂದದ್ದು, ಎಲ್ಲವನ್ನೂ ನಡೆದ ಸಂಗತಿ ಅನ್ನುವ ಹಾಗೆ ಬರೆದೆ. ಮಧುಗಿರಿಯ ನಿವೃತ್ತ ಮೇಷ್ಟ್ರೊಬ್ಬರು 50 ಪೈಸೆಯ ಕಾರ್ಡಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದರು. ಕಟ್ಟಿಸಿದವನು ಅಂತ ದೇವಸ್ಥಾನದ ಶಾಸನ ಹೇಳುವುದು ಹೊಯ್ಸಳ ಒಂದನೇ ನರಸಿಂಹನ ಕಾಲದ ಬಾಚಿ ಎಂಬ ಸಾಮಂತನನ್ನು, 1150ರ ಸುಮಾರು. “ಕತೆ ಚಂದ ಇದೆ ತಾಯಿ, ಕತೆ ಅಂತಲೇ ಬರೆ” ಅಂತ ಕೊನೆಗೆ ಒಂದು ಸಾಲು. ಶಾಸನಗಳನ್ನು ಎಲ್ಲಿ ನೋಡುವುದು ಅಂತ ಹೇಳಿಕೊಟ್ಟವರೂ ಅವರೇ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದು, 1904ರಲ್ಲಿ ಬಂದದ್ದು. ಈಗ ಯಾವ ಊರಿಗೆ ಹೋಗುವ ಮೊದಲೂ ಲೈಬ್ರರಿಯಲ್ಲಿ ಅದನ್ನು ತಿರುವಿ ಹಾಕಿ ಹೋಗುತ್ತೇನೆ.

ಅಲ್ಲಿಂದ ಆರನೇ ಪುಟ ತಪ್ಪೊಪ್ಪಿಗೆಗೆ ಮೀಸಲು. ಹಿಂದಿನ ಸಂಚಿಕೆಯಲ್ಲಿ ಎಲ್ಲಿ ಎಡವಿದೆ, ಯಾರು ತಿದ್ದಿದರು. ತಿದ್ದಿದವರ ಊರು ಮಾತ್ರ ಹಾಕುತ್ತೇನೆ, ಹೆಸರು ಹಾಕುವುದಿಲ್ಲ. ವಿಚಿತ್ರ ಅಂದರೆ ಜನ ಮೊದಲು ತೆಗೆಯುವುದು ಆ ಪುಟವನ್ನೇ. ಗುಬ್ಬಿಯ ಒಂದು ಮನೆಯಲ್ಲಿ ಅಪ್ಪ, ಮಗಳು ಇಬ್ಬರೂ ಪೈಪೋಟಿಯ ಮೇಲೆ ನನ್ನ ತಪ್ಪು ಹುಡುಕುತ್ತಾರಂತೆ. ಕಾಗುಣಿತದ ತಪ್ಪಿಗೆ ಒಂದು ಅಂಕ, ಇಸವಿಯ ತಪ್ಪಿಗೆ ಐದು. ನಾಟಕದ ಗುಬ್ಬಿ ಕಂಪನಿ ಶುರುವಾದ ವರ್ಷವನ್ನು 1884ರ ಬದಲು 1894 ಅಂತ ಬರೆದು ಅವರಿಗೆ ಒಮ್ಮೆ ಐದು ಅಂಕ ಕೊಟ್ಟಿದ್ದೇನೆ.

31ನೆಯದರಲ್ಲಿ ಏಳನೇ ಪುಟ ಇನ್ನೂ ಖಾಲಿ ಇದೆ. ಅದು ಊಟದ ಪುಟ. ಮೂರು ವರ್ಷದ ಹಿಂದೆ ಕ್ಯಾತ್ಸಂದ್ರದ ಮೂರು ಹೋಟೆಲುಗಳಲ್ಲಿ ತಟ್ಟೆ ಇಡ್ಲಿಯ ಅಗಲವನ್ನು ಟೇಪಿನಲ್ಲಿ ಅಳೆದು ಪಟ್ಟಿ ಹಾಕಿದ್ದೆ. ಈಗ ಇಡ್ಲಿ ಚಿಕ್ಕದಾಗಿದೆ, ಮತ್ತೆ ಅಳೆಯಿರಿ ಅಂತ ನಾಲ್ಕು ಕಾರ್ಡು ಬಂದಿವೆ. ಈ ಭಾನುವಾರ ಬೆಳಿಗ್ಗೆ ಹೋಗಬೇಕು. ಹೋದ ಸಲ ಮಗ “ಅಮ್ಮಾ, ಜನ ನೋಡ್ತಿದಾರೆ” ಅಂತ ತಟ್ಟೆ ಕೆಳಗೆ ತಲೆ ಹಾಕಿದ್ದ. ಈ ಸಲವೂ ಬರ್ತೀನಿ ಅಂದಿದ್ದಾನೆ. ಆದರೆ ಬೇರೆ ಟೇಬಲ್ಲಿನಲ್ಲಿ ಕೂರುತ್ತಾನಂತೆ.